ತನ್ನದೇ ಅಕ್ಷರ
ಮೇಷ್ಟರ ಮಗಳು ಕಾತ್ಯಾಯನಿ ಹದಿನೈದಕ್ಕೇ ಪತ್ತೇದಾರಿ ಕಾದಂಬರಿ ಓದಿ ಓದಿ ಪತ್ತೇದಾರಿಕೆಗೆ ಇಳಿದಿದ್ದಾಳೆ. ವಿರಾಜಪೇಟೆಯ ನಮ್ಮ ಅಂಚೆ ಕಚೇರಿಗೆ ಟಪಾಲು ಬಸ್ಸಿಗಿಂತ ಮೊದಲೇ ಬಂದು, ಉಗುರು ಕಚ್ಚುತ್ತ ಕಿಟಕಿಯಲ್ಲಿ ನಿಲ್ಲುತ್ತಾಳೆ. ನಾನು ಕಾಗದ ವಿಂಗಡಿಸುವಾಗ ವಿಳಾಸದ ಅಕ್ಷರ ನೋಡಿಯೇ, "ಇದು ಸಿದ್ದಾಪುರದ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ದು ಸಾರ್, ಸಿಟ್ಟಲ್ಲಿ ಬರ್ದದ್ದು" ಎಂದು ತೀರ್ಪು ಕೊಡುತ್ತಾಳೆ. ಹತ್ತಕ್ಕೆ ಒಂಬತ್ತು ಸರಿ. "ನನಗೇನಾದ್ರೂ ಉಂಟಾ ಸಾರ್?" ಎಂದು ಮೂರು ಸಲ ಕೇಳಿ, "ಇಲ್ಲ ಮಗಾ" ಎಂದರೂ ನಂಬದೆ ಚೀಲದೊಳಗೆ ಇಣುಕುತ್ತಾಳೆ. ಕೊಡಗು ಮೈಸೂರಿಗೆ ಸೇರಿದ ವರ್ಷ, ಸರ್ಕಾರಿ ಗುಮಾಸ್ತರೊಬ್ಬರ ಮಗಳು ಬೊಳ್ಳಮ್ಮ, ಇವಳ ಜೀವದ ಗೆಳತಿ, ಅಪ್ಪನಿಗೆ ವರ್ಗವಾದಾಗ ಹೇಳದೆ ಕೇಳದೆ ಊರು ಬಿಟ್ಟಳು. ಯಾಕೆಂಬುದೊಂದೇ ಇವಳಿಗೆ ಬಗೆಹರಿಯದ ಕೇಸು. ಮೇಷ್ಟರನ್ನು ಏಮಾರಿಸಲು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರವನ್ನೇ ಅದಲುಬದಲು ಮಾಡಿಕೊಂಡಿದ್ದರು. ಕಾತ್ಯಾಯನಿ ಇಂದಿಗೂ ಬೊಳ್ಳಮ್ಮನ ಅಕ್ಷರದಲ್ಲೇ ಬರೆಯುತ್ತಾಳೆ. ನನ್ನ ಚೀಲದಲ್ಲಿ ದಿನವೂ ಹುಡುಕುವುದು ತನ್ನದೇ ಅಕ್ಷರವನ್ನು.