ಮಾವ ಕಟ್ಟಿದ ಕಪ್ಪು ಪರದೆ

ನನ್ನ ಮಾವ ತಲೆ ನರೆಯುವವರೆಗೂ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದವರು. ಎಲ್ಲಿಂದಲೋ ನುಸುಳುವ ಬೆಳಕಿನ ಎಳೆ ಅವರಿಗೆ ಮನೆಗೆ ನುಗ್ಗಿದ ಕಳ್ಳನಿದ್ದ ಹಾಗೆ. ಈ ಬೇಸಿಗೆಯಲ್ಲಿ ಇಳಿಹೊತ್ತಿನ ಬಿಸಿಲು ಮಗು ಮಲಗುವ ಕೋಣೆಗೆ ನೇರವಾಗಿ ಬೀಳತೊಡಗಿದಾಗ, ಕಿಟಕಿಗೆ ಅಂಗಡಿಯಲ್ಲಿ ಸಿಗುವ ಬ್ಲೈಂಡ್ ಬೇಡವೇ ಬೇಡ ಎಂದರು.

“ಅದರ ಪಟ್ಟಿ ಸಂದಿಯಿಂದ ಬೆಳಕು ಬರುತ್ತಮ್ಮ. ನಾನೇ ಮಾಡ್ಕೊಡ್ತೀನಿ. ಕತ್ತಲಾದ್ರೆ ತಂಪು.”

ಸ್ಟುಡಿಯೋ ಮುಚ್ಚಿದಾಗ ತಂದು ಅಟ್ಟಕ್ಕೇರಿಸಿದ್ದ ದಪ್ಪ ಕರಿಬಟ್ಟೆಯನ್ನು ಇಳಿಸಿ, ಅಂಚು ಮಡಚಿ ಹೊಲಿದು, ಕೆಳಗೆ ಕೋಲು ತೂರಿಸಿ, ಹಗ್ಗ ಎಳೆದರೆ ಸುರುಳಿಯಾಗುವಂತೆ ಕಿಟಕಿಯ ಒಳಗಡೆ ಕಟ್ಟಿದರು. ಪರದೆ ಇಳಿಬಿಟ್ಟರೆ ನನ್ನ ಕೈ ನನಗೇ ಕಾಣದು.

“ಮೊಮ್ಮಗಳನ್ನೂ ಫಿಲಂ ಅನ್ಕೊಂಡ್ರಾ? ಟ್ರೇಗೆ ಅದ್ದಿಬಿಟ್ಟೀರಾ, ಜೋಕೆ!” ಎಂದು ಅತ್ತೆ ನಕ್ಕರು.

ನನಗೆ ನಗು ಬರಲಿಲ್ಲ. ಮರುದಿನವೇ ಮಗುವಿನ ಕತ್ತಿನ ಮಡಿಕೆಯಲ್ಲಿ ಬೆವರುಗುಳ್ಳೆ ಎದ್ದಿತ್ತು. ಹಾಲಿಗೆ ಬಾಯಿ ಹಾಕದೆ ಮುಖ ತಿರುಗಿಸುತ್ತಿತ್ತು. ಜ್ವರವೇ? ಸೆಕೆಯೇ? ಅಥವಾ ನನ್ನ ಕೈಯೇ ಬಿಸಿಯಾಗಿದೆಯೇ? ಥರ್ಮಾಮೀಟರ್ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಆ ಕತ್ತಲಲ್ಲಿ ಅಂಕಿ ಕಾಣಲಿಲ್ಲವೆಂದು ಪರದೆ ಸರಿಸಹೋದರೆ, ಬಟ್ಟೆ ಆಗಷ್ಟೇ ಇಸ್ತ್ರಿ ಪೆಟ್ಟಿಗೆ ಎತ್ತಿದಂತೆ ಸುಡುತ್ತಿತ್ತು. ಬಿಸಿಲನ್ನೆಲ್ಲ ತಾನೇ ಕುಡಿದು ಕೋಣೆಯೊಳಗೆ ಉಗುಳುತ್ತಿತ್ತು.

ಹೇಳುವುದು ಹೇಗೆ? ಸ್ಟುಡಿಯೋ ಬಿಟ್ಟ ಮೇಲೆ ಮಾವ ಅಷ್ಟು ಹುರುಪಿನಿಂದ ಮಾಡಿದ ಮೊದಲ ಕೆಲಸ ಅದು. ಹಜಾರದ ಬಾಗಿಲವರೆಗೆ ಹೋದವಳು ಬಾಯಿ ಬಾರದೆ ಹಿಂತಿರುಗಿದೆ. ಅಷ್ಟರಲ್ಲಿ ಮಗು ಅಳುವುದನ್ನೂ ಬಿಟ್ಟು, ಬಾಯಿ ತೆರೆದುಕೊಂಡು ಸೋತು ಬಿದ್ದಿತ್ತು. ಬಾಚಿ ಎತ್ತಿಕೊಂಡೆ.

“ಮಾವಾ, ಬೇಜಾರ್ ಮಾಡ್ಕೋಬೇಡಿ. ಬೇಗ ಬಂದು ಈ ಪರದೆ ಮುಟ್ಟಿ ನೋಡಿ!”

ಮುಟ್ಟಿದರು. ಥಟ್ಟನೆ ಕೈ ಹಿಂತೆಗೆದರು. ಮಗುವಿನ ಕತ್ತು ನೋಡಿದರು.

“ಅಲ್ಲಿ ಕತ್ತಲೆ ಕೋಣೆ ತಣ್ಣಗಿರ್ತಿತ್ತಲ್ಲಮ್ಮ…”

“ಅಲ್ಲಿ ಕಿಟಕಿನೇ ಇರ್ಲಿಲ್ವಲ್ಲ ಮಾವ.”

ಅವರ ಮುಖ ಸಣ್ಣಗಾಯಿತು. ಕರಿಬಟ್ಟೆಯನ್ನು ಕಿತ್ತು ಹಾಕಿ ಅಟ್ಟ ಹತ್ತಿದರು. ಹಜಾರದಲ್ಲಿ ಅತ್ತೆ ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸಿದರು. ನಾನು ಗಾಳಿ ಬೀಸುತ್ತಾ ಕೂತೆ. ಕೊನೆಗೂ ಮಗು ಹಾಲಿಗೆ ಬಾಯಿ ಹಾಕಿತು. ಸ್ವಲ್ಪ ಹೊತ್ತಿಗೆ ನನ್ನ ಮಡಿಲನ್ನು ಒದ್ದೆ ಮಾಡಿತು. ಅಷ್ಟು ಸಂತೋಷದಿಂದ ನಾನು ಸೀರೆ ಬದಲಿಸಿದ್ದೇ ಇಲ್ಲ.

ಕೋಣೆಗೆ ಹೋದರೆ, ಗಿರಾಕಿಗಳ ಮುಖಕ್ಕೆ ಬೆಳಕು ತಿರುಗಿಸಲು ಹಿಡಿಯುತ್ತಿದ್ದ ಬೆಳ್ಳಿಬಣ್ಣದ ಹಾಳೆಯನ್ನು ಮಾವ ಅದೇ ಕೋಲಿಗೆ ಹೊಲಿದು, ಹೊಳೆಯುವ ಮಗ್ಗುಲು ಹೊರಗಿರುವಂತೆ ಇಳಿಬಿಟ್ಟಿದ್ದರು.

“ಎದುರುಮನೆಯವರ ಕಣ್ಣು ಕುಕ್ಕುತ್ತೆ ಕಣ್ರೀ!” ಎಂದರು ಅತ್ತೆ.

“ಕುಕ್ಕಲಿ. ಸ್ವಲ್ಪ ನಗೋಕೆ ಹೇಳು, ಫೋಟೋ ಚೆನ್ನಾಗಿ ಬರುತ್ತೆ.”

ಈಗ ದಿನಾ ಇಳಿಹೊತ್ತಿಗೆ ಮಾವ ಬಂದು ಪರದೆಗೆ ಅಂಗೈ ಒತ್ತಿ ನೋಡಿ ಹೋಗುತ್ತಾರೆ. ಅವರು ಆಚೆ ಹೋದದ್ದೇ ನಾನೂ ಒಮ್ಮೆ ಮುಟ್ಟುತ್ತೇನೆ. ಆಮೇಲೆ ಮಗುವಿನ ಕತ್ತು.