ನೈದಿಲೆಯ ತೊಟ್ಟಿಗೆ ಫಿನಾಯಿಲ್

ನಮ್ಮ ಅಂಗಳಕ್ಕೆ ಎರಡು ಮನೆಗಳ ಬಾಗಿಲು ತೆರೆಯುತ್ತವೆ. ಒಂದು ನಮ್ಮದು, ಇನ್ನೊಂದು ನನ್ನ ಗಂಡನ ಅಣ್ಣನದು. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಮದುವೆಯಾಗಿ ಬಂದ ದಿನದಿಂದ ಹಾಗೆ ಕರೆದ ಬಾಯಿಗೆ ಈಗ ಬೇರೆ ಹೆಸರು ಬರುವುದಿಲ್ಲ. ಪ್ರೀತಿಯಿಂದ ಕರೆಯುತ್ತೇನೆ ಎಂದು ಯಾರೂ ತಿಳಿಯಬಾರದು.

ಗಂಡ ಮದ್ದೂರು ವಲಯದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ನಾನು ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ. ಊಟದ ಬಿಡುವಿನಲ್ಲಿ ಉಳಿದ ಹೆಂಗಸರು ನೆರಳಲ್ಲಿ ಕೂತು ಮಾತಾಡುತ್ತಿದ್ದರೆ ನಾನು ಕಾಂಪೌಂಡಿನ ಪಕ್ಕದ ಕಳೆಗಿಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತೇನೆ. ಫೋನಿಗೆ ಸಿಕ್ಕಿಸುವ ಬಟನ್ನಿನಷ್ಟು ಸಣ್ಣ ಲೆನ್ಸ್ ಒಂದು ನನ್ನ ಹತ್ತಿರ ಇದೆ. ಅದನ್ನು ಹಾಕಿ ನೋಡಿದರೆ ಇರುವೆಯ ಮೀಸೆ ಕಾಣುತ್ತದೆ, ನೊಣದ ಕಣ್ಣು ಜರಡಿಯ ಹಾಗೆ ಕಾಣುತ್ತದೆ.

ಈ ಹುಚ್ಚು ಹತ್ತಿದ್ದು ಎಲ್ಲಿಂದ ಎಂದರೆ ಗುಂಡ್ಲುಪೇಟೆ ಕಡೆಯ ನನ್ನ ತವರಿನಿಂದ. ನಮ್ಮಪ್ಪ ಚೆಂಡು ಹೂವು, ಸೂರ್ಯಕಾಂತಿ ಹಾಕುತ್ತಿದ್ದರು. ಹೂವು ಬಿಟ್ಟ ಕಾಲದಲ್ಲಿ ಕೇರಳದ ಕಾರುಗಳು ಹೊಲದ ಬದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡವರು ನಮ್ಮ ಹೊಲಕ್ಕೇ ಇಳಿದು, ಹೂವು ಕೀಳುತ್ತಿದ್ದ ನನಗೇ 'ಒನ್ನು ಮಾರಿ ನಿಲ್ಕ್ ಮೋಳೇ' ಎನ್ನುತ್ತಿದ್ದರು. ಸ್ವಲ್ಪ ಆಚೆ ನಿಂತ್ಕೊ ಮಗಳೇ ಎಂದು. ನಾನು ಆಚೆ ನಿಲ್ಲುತ್ತಿದ್ದೆ. ಒಂದಲ್ಲ ಒಂದು ದಿನ ಕ್ಯಾಮೆರಾದ ಹಿಂದೆ ನಾನಿರಬೇಕು, ಬೇರೆಯವರು ಆಚೆ ಸರಿಯಬೇಕು ಅನ್ನಿಸುತ್ತಿತ್ತು.

ಅಂಗಳದಲ್ಲಿ ಹಳೆಯದೊಂದು ಸಿಮೆಂಟ್ ತೊಟ್ಟಿ ಇತ್ತು, ಹಸು ಇದ್ದ ಕಾಲದ್ದು. ಅದಕ್ಕೆ ಕೆರೆಯ ಮಣ್ಣು ತುಂಬಿ ನೀಲಿ ನೈದಿಲೆಯ ಗೆಡ್ಡೆ ನೆಟ್ಟೆ. ಸೊಳ್ಳೆ ಆಗದಿರಲಿ ಎಂದು ಸಣ್ಣ ಮೀನು ಬಿಟ್ಟೆ. ಎಲೆಗಳು ಹರಡಿದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಬರತೊಡಗಿದವು. ಬಾಲದ ತುದಿಯನ್ನು ನೀರಿಗೆ ಅದ್ದಿ ಅದ್ದಿ ಮೊಟ್ಟೆ ಇಡುತ್ತಿದ್ದವು. ಅತ್ತೆ ಆಗ ಇದ್ದದ್ದು ಭಾವನ ಮನೆಯಲ್ಲಿ, ಆದರೆ ಬೆಳಗಿನ ಕಾಫಿ ಲೋಟ ಹಿಡಿದು ತೊಟ್ಟಿಯ ಪಕ್ಕಕ್ಕೆ ಬಂದು ಕೂರುವುದು ಅಭ್ಯಾಸವಾಯಿತು. ಕ್ರಮೇಣ ಕಾಫಿಯನ್ನೂ ನನ್ನ ಮನೆಯಲ್ಲೇ ಕುಡಿಯತೊಡಗಿದರು. ಅಕ್ಕನಿಗೆ ಉರಿ ಹತ್ತಿದ್ದು ಅಲ್ಲಿಂದ ಎಂದೇ ನನ್ನ ಲೆಕ್ಕ.

ಅಕ್ಕನಿಗೆ ತನ್ನ ಚೊಕ್ಕಟದ ಬಗ್ಗೆ ಬಹಳ ಜಂಬ. ಯಾರೇ ಬರಲಿ, "ನನ್ ಅಡ್ಗೆಮನೇಲಿ ಒಂದ್ ಇರುವ ತೋರ್ಸ್ಬುಡಿ ನೋಡನ" ಎನ್ನುತ್ತಿದ್ದಳು. ಅದರ ಹಿಂದೆಯೇ ನನ್ನ ಕಡೆ ಕತ್ತು ತಿರುಗಿಸಿ, "ಇವ್ಳದು ಬುಡಿ, ಉಳಾ ಸಾಕೋ ಮನ" ಎನ್ನುತ್ತಿದ್ದಳು. ನಾನೂ ನಗುತ್ತಿದ್ದೆ.

ಒಂದು ಭಾನುವಾರ ನೈದಿಲೆಯ ಮೊಗ್ಗು ನೀರಿನ ಮೇಲೆ ಎದ್ದು ನಿಂತಿತ್ತು. ಅದು ಅರಳುವುದನ್ನು ಟೈಮ್‌ಲ್ಯಾಪ್ಸ್‌ನಲ್ಲಿ ಹಿಡಿಯಬೇಕೆಂದು ಎಷ್ಟೋ ಸಲ ಪ್ರಯತ್ನಿಸಿ ಸೋತಿದ್ದೆ. ಗಾಳಿ ಬರುತ್ತಿತ್ತು, ಇಲ್ಲವೇ ಬ್ಯಾಟರಿ ಸಾಯುತ್ತಿತ್ತು. ಅವತ್ತು ರಾಗಿ ತುಂಬಿದ ಬಕೆಟ್ಟಿನಲ್ಲಿ ಫೋನನ್ನು ಅಲ್ಲಾಡದಂತೆ ಹುಗಿದು ನಿಲ್ಲಿಸಿ, ಪವರ್ ಬ್ಯಾಂಕ್ ಸಿಕ್ಕಿಸಿ, ಅಡಿಗೆ ಮಾಡಲು ಒಳಗೆ ಹೋದೆ. ಟೈಮ್‌ಲ್ಯಾಪ್ಸ್ ಅಂದರೆ ಫೋನು ತನ್ನಷ್ಟಕ್ಕೆ ಆಗಾಗ ಒಂದೊಂದು ಚಿತ್ರ ತೆಗೆದುಕೊಳ್ಳುತ್ತಾ ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಜೋಡಿಸಿದರೆ ಇಡೀ ಬೆಳಗಿನ ಕೆಲಸ ಕಣ್ಣ ಮುಂದೆ ಸರ್ರನೆ ಓಡುತ್ತದೆ.

ಮುದ್ದೆ ಕಟ್ಟಿ ಕೈ ತೊಳೆದು ಹೊರಗೆ ಬಂದಾಗ ಮೂಗಿಗೆ ಫಿನಾಯಿಲ್ ವಾಸನೆ ಬಡಿಯಿತು. ತೊಟ್ಟಿಯ ನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬರಿಗೈಯಲ್ಲಿ ಒಂದೊಂದನ್ನೇ ಎತ್ತಿ ಬೇರೆ ನೀರಿಗೆ ಹಾಕಿದೆ. ಒಂದೂ ಈಜಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಯಾರಕ್ಕ ಇದ್ಕ ಫಿನಾಯಿಲ್ ಆಕ್ದೋರು?" ಎಂದೆ.

"ನಂಗೇನ್ ಗೊತ್ತಮ್ಮಿ? ಬೀದಿ ಐಕ್ಳು ಬಂದು ಸುರ್ದ್ಬುಟ್ಟಿರ್ಬೇಕು. ಓದ್ರ ಓಗ್ಲಿ ಬುಡು, ಗಬ್ಬುನೀರು" ಎಂದು ಒಳಗೆ ಹೋದಳು.

ಅತ್ತೆ ಖಾಲಿ ಲೋಟ ಹಿಡಿದು ತೊಟ್ಟಿಯ ಪಕ್ಕ ಬಹಳ ಹೊತ್ತು ಕೂತಿದ್ದರು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಫೋನು ನೋಡಿದೆ. ಮೊಗ್ಗು ಬಿರಿಯುತ್ತಿತ್ತು. ಹೊರಗಿನ ಹಸಿರು ಪದರ ಸರಿದು ನೀಲಿ ಎಸಳು ಒಂದೊಂದಾಗಿ ಮೈ ಬಿಡುತ್ತಿತ್ತು. ಅರ್ಧ ಬಿರಿದಾಗ ಚೌಕಟ್ಟಿನೊಳಗೆ ಏನೋ ಮಿಂಚಿ ಮಾಯವಾಯಿತು, ನೀರು ಒಂದೇ ಏಟಿಗೆ ಬೆಳ್ಳಗಾಯಿತು. ಹಿಂದಕ್ಕೆ ತಂದು ನಿಲ್ಲಿಸಿ ನೋಡಿದೆ. ಹೂಬಳ್ಳಿಯ ನೈಟಿಯ ತೋಳು, ಹಸಿರು ಬಳೆ, ಬಗ್ಗಿಸಿದ ಬಾಟಲಿ. ಮುಂದಿನ ಚಿತ್ರದಲ್ಲಿ ಬಗ್ಗಿದ ಅಕ್ಕನ ಮುಖವೂ ಇತ್ತು. ಬಕೆಟ್ಟಿನಲ್ಲಿ ಫೋನು ಕಂಡಿದ್ದರೂ, ಫೋಟೋ ಅಂದರೆ ಒಂದು ಸಲ ಕ್ಲಿಕ್ ಅನ್ನುವುದು, ಆಮೇಲೆ ಮುಗಿಯಿತು ಎಂದು ಅವಳು ತಿಳಿದಿದ್ದಳು. ಪಾಪದ ಹೂವು ಆ ಬಿಳಿ ನೀರಿನಲ್ಲೇ ಪೂರ್ತಿ ಅರಳಿತು. ನಾನು ಅವತ್ತಿನವರೆಗೆ ತೆಗೆದದ್ದರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಗಂಡ ಬಂದಾಗ ತೋರಿಸಿದೆ. "ಓಗಿ ಕೇಳನ ಬಾ" ಎಂದು ಎದ್ದರು.

"ಬ್ಯಾಡ. ನೀವ್ ಬಾಯ್ ಬುಡ್ಬೇಡಿ. ನಾನ್ ನೋಡ್ಕತಿನಿ" ಎಂದೆ.

ಕೂಗಾಡಿದ್ದರೆ ಎರಡು ದಿನದಲ್ಲಿ ಆರಿಹೋಗುತ್ತಿತ್ತು. ನನಗೆ ಆರುವುದು ಬೇಕಿರಲಿಲ್ಲ. ಅವಳ ಜಂಬ ಎಲ್ಲಿತ್ತೋ ಅಲ್ಲಿಗೇ ಕೈ ಹಾಕಬೇಕು ಅನ್ನಿಸಿತು.

ಅಂದಿನಿಂದ ನಾನು ಬಹಳ ಒಳ್ಳೆಯವಳಾದೆ. ಕಾಯಿ ತುರಿದುಕೊಡಲು, ಕಾಳು ಕೇರಿಕೊಡಲು ಅವಳ ಅಡಿಗೆಮನೆಗೆ ಹೋಗತೊಡಗಿದೆ. ಅವಳು ಬಚ್ಚಲಿಗೋ ಅಂಗಡಿಗೋ ಹೋದಾಗ ಲೆನ್ಸ್ ಹೊರತೆಗೆಯುತ್ತಿದ್ದೆ. ಹಲಸಂದೆಯ ಡಬ್ಬದಲ್ಲಿ ಕಾಳು ಕೊರೆದು ತಲೆ ಹೊರಗೆ ಹಾಕುತ್ತಿದ್ದ ಕುಟ್ಟೆ ಹುಳ ಸಿಕ್ಕಿತು. ರವೆಯಲ್ಲಿ ನುಸಿ, ಅದು ಕಟ್ಟಿದ ಜಾಳಿಗೆ. ಬೆಲ್ಲದ ಡಬ್ಬದ ಮುಚ್ಚಳದ ಸುತ್ತ ಕೆಂಪಿರುವೆ. ಗ್ಯಾಸ್ ಒಲೆಯ ಹಿಂದೆ ಜಿರಲೆಯ ಮೊಟ್ಟೆಚೀಲ, ಬಟ್ಟೆ ಹೊಲಿಗೆಯಷ್ಟು ಅಚ್ಚುಕಟ್ಟಾಗಿ ಇಟ್ಟದ್ದು. ತುಪ್ಪದ ಗಿಂಡಿಯ ಅಂಚಿನಲ್ಲಿ ಕೈ ತಿಕ್ಕಿಕೊಳ್ಳುತ್ತಿದ್ದ ನೊಣ. ಎಲ್ಲ ಅಡಿಗೆಮನೆಯಲ್ಲೂ ಇರುವಂಥವೇ, ನನ್ನ ಮನೆಯಲ್ಲೂ ಇದ್ದವು. ಆದರೆ ಇರುವೆ ತೋರಿಸಿ ಎಂದು ಸವಾಲು ಹಾಕಿದವಳು ನಾನಲ್ಲ.

ಪಿತೃಪಕ್ಷದ ಎಡೆ ನಮ್ಮಲ್ಲಿ ಹಿರಿಯ ಮಗನ ಮನೆಯಲ್ಲೇ, ಅಂದರೆ ಭಾವನ ಮನೆಯಲ್ಲಿ. ನಾದಿನಿಯರು, ಅವರ ಮಕ್ಕಳು, ಅಕ್ಕನ ತವರಿನವರು ಎಲ್ಲರೂ ಬಂದಿದ್ದರು. ವಡೆ, ಕಜ್ಜಾಯ, ಪಾಯಸ ಎಲ್ಲ ಅಕ್ಕನ ಕೈಯಡಿಗೆ. ಉಂಡು ಎಲೆಯಡಿಕೆ ಹಾಕಿಕೊಂಡು ಟಿವಿಯ ಮುಂದೆ ಕೂತಾಗ ಅಕ್ಕ ಎಂದಿನಂತೆ ಶುರುಮಾಡಿದಳು.

"ಇವ್ಳ ತೊಟ್ಟಿ ಇತ್ತಲ್ಲ, ಗಬ್ಬೆದ್ದು ಮೀನೆಲ್ಲ ಸತ್ತೋದೋ. ಈಗ ಅಂಗ್ಳ ಎಷ್ಟ್ ಚೆಂದಾಗಿ ಕಾಣ್ತದ ನೋಡಿ."

ದೊಡ್ಡ ನಾದಿನಿ ನನ್ನ ಕಡೆ ತಿರುಗಿ, "ಅದೇನೋ ಉಳದ್ ಫೋಟೋ ತಗೀತಿಯಂತಲ್ಲಮ್ಮಿ, ತೋರ್ಸು ನಾವೂ ನೋಡನ" ಎಂದರು.

ನಾನು ಕಾಯುತ್ತಿದ್ದದ್ದು ಇದನ್ನೇ. ಫೋನನ್ನು ಟಿವಿಗೆ ಜೋಡಿಸಿದೆ. ಕುಟ್ಟೆ ಹುಳ ಹಂದಿಯಷ್ಟು ದೊಡ್ಡದಾಗಿ ಬಂದು ನಿಂತಿತು.

"ಅಯ್ಯಪ್ಪೋ, ಇದ್ಯಾವ್ ಕಾಡ್‌ದು?" ಎಂದರು ಅಕ್ಕನ ಅಣ್ಣ.

"ಕಾಡ್‌ದಲ್ಲಣ್ಣ. ನಮ್ಮಕ್ಕನ ಹಲಸಂದ ಡಬ್ಬದ್ದು" ಎಂದೆ.

ಒಂದೊಂದೇ ತೋರಿಸಿ ಯಾವ ಡಬ್ಬ, ಯಾವ ಮೂಲೆ ಎಂದು ಹೇಳುತ್ತಾ ಹೋದೆ. ಅಕ್ಕನ ಮುಖ ಕೆಂಪಾಯಿತು. ಆದರೆ ನಾನು ಎಣಿಸಿದ ಹಾಗೆ ಆಗಲಿಲ್ಲ. ನಾದಿನಿಯ ಮಗಳು ಟಿವಿಯ ಹತ್ತಿರಕ್ಕೇ ಹೋಗಿ ನಿಂತಳು. "ಅತ್ತೆ, ನೊಣದ ಕಣ್ಣು ಇನ್ನೊಂದ್ಸಲ ತೋರ್ಸಿ" ಎಂದು ನನ್ನನ್ನು ಕೇಳಿದಳು. ಯಾರೋ ನುಸಿಯ ರೆಕ್ಕೆಯ ಅಂಚನ್ನು ರೇಷ್ಮೆ ಸೀರೆಗೆ ಹೋಲಿಸಿದರು. "ನಮ್ಮನೆ ರವೇಲೂ ಇವೇ ಅವ ಕಣಮ್ಮಿ, ಇಷ್ಟ್ ಚೆಂದಾಗವ ಅಂತ ಗೊತ್ತಿರ್ನಿಲ್ಲ" ಎಂದು ದೊಡ್ಡ ನಾದಿನಿ ನಕ್ಕರು. ಅಕ್ಕನೂ ಉಸಿರು ಬಿಟ್ಟು ನಗತೊಡಗಿದಳು. ಅಷ್ಟು ದಿನದ ನನ್ನ ಸಿಟ್ಟು ಕೂಟದವರ ಮನರಂಜನೆಯಾಗಿ ಹೋಗುತ್ತಿತ್ತು. ಚಂದ ತೋರಿಸಲು ನಾನು ಬಂದಿರಲಿಲ್ಲ.

"ಇನ್ನೊಂದದ" ಎಂದು ನೈದಿಲೆಯನ್ನು ಹಾಕಿದೆ.

ಎಸಳು ಬಿಡುವಾಗ ಎಲ್ಲರೂ ಆಹಾ ಎಂದರು. ನೀರು ಬೆಳ್ಳಗಾದಾಗ, "ಏನಾಯ್ತು ಅದ್ಕ?" ಎಂದು ಭಾವ ಕೇಳಿದರು. ನಾನು ಹಿಂದಕ್ಕೆ ತಂದು ನಿಲ್ಲಿಸಿದೆ. ಬಳೆ, ಬಾಟಲಿ. ಮುಂದಿನ ಚಿತ್ರದಲ್ಲಿ ಮುಖ. ಟಿವಿ ದೊಡ್ಡದು, ಹಲ್ಲು ಕಚ್ಚಿದ್ದೂ ಕಾಣುತ್ತಿತ್ತು.

ಭಾವ ಹೆಂಡತಿಯ ಕಡೆ ನೋಡಿ, "ಬೀದಿ ಐಕ್ಳು ಅಂದಲ್ಲ?" ಎಂದರು.

"ಸೊಳ್ಳ ಆಯ್ತಿತ್ತು... ಅದ್ಕೆ..." ಎಂದು ಅವಳು ತಡವರಿಸಿದಳು.

ಆಗ ಅತ್ತೆ ಬಾಯಿ ಬಿಟ್ಟರು. "ಸೊಳ್ಳ ತಿನ್ನಕ್ಕೆ ಮೀನಿದ್ದೋ. ನಾನ್ ಕುಂತ್ಕತಿನಿ ಅಂತ ಆಕ್ದೆ ನೀನು."

ಅಕ್ಕ ಎದ್ದು ಒಳಗೆ ಹೋದಳು. ಅವಳ ತವರಿನವರು ಸಂಜೆಯ ಕಾಫಿಗೂ ನಿಲ್ಲದೆ ಹೊರಟರು. ಬಂದವರಿಗೆಲ್ಲ ಬಾಗಿಲವರೆಗೆ ಹೋಗಿ ನಗುನಗುತ್ತಾ ಕುಂಕುಮ ಕೊಟ್ಟು ಕಳಿಸಿದ್ದು ನಾನು. ಮೈಯೆಲ್ಲ ಹಗುರವಾಗಿತ್ತು, ರಾತ್ರಿ ಉಂಡ ಹಬ್ಬದ ಊಟವೂ ಅವತ್ತಿನಷ್ಟು ರುಚಿ ಯಾವತ್ತೂ ಅನ್ನಿಸಿರಲಿಲ್ಲ.

ಆಮೇಲೆ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಅಂಗಳದ ನಡುವೆ ತಗಡಿನ ಶೀಟು ಹಾಕಿಸಿದಳು. ಅತ್ತೆ ತಮ್ಮ ಹಾಸಿಗೆ, ಟ್ರಂಕು ಎತ್ತಿಕೊಂಡು ನನ್ನ ಕಡೆಗೆ ಬಂದರು. ಈ ವರ್ಷ ಎಡೆ ನನ್ನ ಮನೆಯಲ್ಲಿ ಆಯಿತು. ಅವಳು ಬಂದಳು, ಅನ್ನವನ್ನು ಬೆರಳಿನಿಂದ ಕೆದಕಿ ಕೆದಕಿ ನೋಡಿ ಉಂಡಳು, ಎದ್ದು ಹೋದಳು. ಬಿಸಿಲು ಬಿದ್ದ ದಿನ ತಾರಸಿಯ ಮೇಲೆ ಕಾಳು, ರವೆ ಎಲ್ಲ ಹರಡಿ, ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಆರಿಸುತ್ತಾ ಕೂರುತ್ತಾಳೆ. ನಮ್ಮ ತಾರಸಿಯಿಂದ ಚೆನ್ನಾಗಿ ಕಾಣುತ್ತದೆ.

ಹೋದ ವಾರ ಗಂಡ ಬಟ್ಟೆ ಒಣಹಾಕುತ್ತಾ ಅತ್ತ ನೋಡಿ, "ಪಾಪ ಅನ್ಸಲ್ವ ನಿಂಗ?" ಎಂದರು.

"ಇಲ್ಲ" ಎಂದೆ. ಕ್ಲಿಪ್ಪು ಕೊಡಿ ಎಂದು ಕೈ ಚಾಚಿದೆ.