ಭುಜ ನೋಡಿ ನಳಿಗೆ ಹಾಕುವ ಕಾನ್ರಾಡ್

ಬೆಳಗಿನ ಆರು ಗಂಟೆ. ಮೆಲ್ಬರ್ನ್ ಅಂಚಿನ ವೆರಿಬೀಯ ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ ಒಂದರ ಬಾಗಿಲು ಮಾತ್ರ ಅರ್ಧ ಎತ್ತಿದೆ. ಒಳಗೆ ಕಾನ್ರಾಡ್ ತಾವ್ರೊ ಎರಡಡಿ ಉದ್ದದ ಉಕ್ಕಿನ ನಳಿಗೆಯೊಂದನ್ನು ಕಣ್ಣಿಗೆ ಹಿಡಿದು, ಆಗಷ್ಟೇ ಮೂಡುತ್ತಿರುವ ಬೆಳಕಿನತ್ತ ತಿರುಗಿಸಿ ನೋಡುತ್ತಿದ್ದಾರೆ. ನೋಡಿದ್ದು ಮುಗಿದ ಮೇಲೆ ಅದನ್ನು ಲೇತ್‌ಗೆ ಕಚ್ಚಿಸಿ, ಪಕ್ಕದಲ್ಲೊಂದು ಗಡಿಯಾರದಂಥ ಗೇಜ್ ನಿಲ್ಲಿಸಿ, ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತಾರೆ. ಗೇಜಿನ ಸೂಜಿ ಅತ್ತಿತ್ತ ಅಲುಗುತ್ತದೆ. ನಳಿಗೆ ನಟ್ಟನಡುವೆ ಕೂತು ಸೂಜಿ ಅಲುಗದೆ ನಿಲ್ಲುವವರೆಗೆ ಯಂತ್ರದ ಸ್ವಿಚ್ ಮುಟ್ಟುವ ಹಾಗಿಲ್ಲ. ಇವತ್ತು ಸೂಜಿ ನಿಲ್ಲಲು ನಲವತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಅವರು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

ಕಾನ್ರಾಡ್ ಅವರಿಗೆ ಐವತ್ತಾರು ವರ್ಷ. ಹಳೆಯ ಬೇಟೆ ರೈಫಲ್‌ಗಳಿಗೆ ಹೊಸ ನಳಿಗೆ ಕೂರಿಸುವುದು ಅವರ ಕಸುಬು. ಸಾವಿರಾರು ಗುಂಡು ಹಾರಿಸಿದ ಮೇಲೆ ನಳಿಗೆಯ ಒಳಮೈ ಸವೆಯುತ್ತದೆ, ಗುರಿ ತಪ್ಪುತ್ತದೆ. ಉಳಿದ ಭಾಗಗಳು ಮಾತ್ರ ಗಟ್ಟಿಮುಟ್ಟಾಗಿರುತ್ತವೆ. ಆಗ ಜನ ಇವರ ಹತ್ತಿರ ಬರುತ್ತಾರೆ. ಹೊಸ ನಳಿಗೆ ಹಾಕುವಾಗ ಹಳೆಯ ಅಳತೆಯ ಕಾಡತೂಸನ್ನೇ ಇಟ್ಟುಕೊಳ್ಳಬಹುದು, ಬೇರೆಯದಕ್ಕೂ ಬದಲಾಯಿಸಬಹುದು. ತಲೆನೋವು ಶುರುವಾಗುವುದೇ ಅಲ್ಲಿ.

ಕೋವಿ ಎಂದರೆ ಮಾರು ದೂರ ಸರಿಯುವವಳು ನಾನು. ಇರುವೆ ಸಾಲು ಕಂಡರೂ ದಾಟಿ ಕಾಲಿಡುವ ಮೈಸೂರಿನ ಮನೆಯಲ್ಲಿ ಬೆಳೆದವಳು, ಮೊಟ್ಟೆಯನ್ನೂ ಮುಟ್ಟದವಳು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ನರ್ಸ್, ಕಾನ್ರಾಡ್ ಅವರ ಮಗಳು ಆನ್ ಮರಿಯಾ ಮೂರು ವರ್ಷ “ಡ್ಯಾಡ್ ಮೆಲ್ಬರ್ನ್‌ನಲ್ಲಿ ಇಂಜಿನಿಯರಿಂಗ್ ಫೀಲ್ಡಲ್ಲಿದ್ದಾರೆ ಆಂಟಿ” ಎಂದೇ ಹೇಳಿಕೊಂಡು ಬಂದಿದ್ದಳು. ಒಂದು ದಿನ ನಾನು ಕೆದಕಿ ಕೇಳಿದಾಗ ನಕ್ಕು ನಿಜ ಹೇಳಿದಳು. ಇಲ್ಲೇ ಹತ್ತಿರದ ಟಾರ್ನೀಟ್‌ನ ಗೆಳತಿ ಮಹಾಶ್ವೇತಾಳ ಮನೆಯಲ್ಲಿ ಠಿಕಾಣಿ ಹೂಡಿ ನಾನು ಈ ಶೆಡ್ಡಿಗೆ ಬಂದದ್ದು ಹಾಗೆ.

“ಚರ್ಚಿನಲ್ಲಿ ನಂಗೆ ಕೋವಿ ಕಾನ್ರಾಡ್ ಅಂತ ಹೆಸ್ರಿಟ್ಟಿದ್ದಾರೆ ಮೇಡಂ,” ಎನ್ನುತ್ತಾರೆ ಅವರು, ಸೂಜಿ ನಿಂತ ಮೇಲೆ ಫ್ಲಾಸ್ಕಿನ ಚಹಾ ಬಗ್ಗಿಸುತ್ತ. “ನಾನು ಇಷ್ಟರವರೆಗೆ ಒಂದು ಮೊಲ ಸಹ ಹೊಡೆದವ ಅಲ್ಲ ಮಾರಾಯ್ರೆ. ನಂಗೆ ಲೇತ್ ಗೊತ್ತುಂಟು, ಅಷ್ಟೇ.”

ಲೇತ್ ಗೊತ್ತಾದದ್ದು ಮಂಗಳೂರಿನಲ್ಲಿ. ಕುಲಶೇಖರದ ಹುಡುಗ ಐಟಿಐ ಮುಗಿಸಿ ಬಂದರಿನ ವರ್ಕ್‌ಶಾಪ್ ಸೇರಿ, ಮೀನುದೋಣಿಗಳ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಲೇತ್‌ನಲ್ಲಿ ಕಡೆಯಲು ಕಲಿತ. ಶಾಫ್ಟ್ ಕೂದಲೆಳೆಯಷ್ಟು ಡೊಂಕಾದರೂ ದೋಣಿ ಇಡೀ ನಡುಗುತ್ತದೆ, ಮೀನುಗಾರರು ಬಂದು ಮುಖಕ್ಕೆ ಉಗಿಯುತ್ತಾರೆ. ಆಮೇಲೆ ಬಹರೇನ್‌ನ ಹಡಗುಕಟ್ಟೆಯಲ್ಲಿ ಹನ್ನೊಂದು ವರ್ಷ. ಎರಡು ಸಾವಿರದ ಎಂಟರಲ್ಲಿ ಹೆಂಡತಿ ಎವ್ಲಿನ್, ಮಗಳ ಜೊತೆ ಮೆಲ್ಬರ್ನ್. ಸೇರಿದ ಪಂಪ್ ಕಾರ್ಖಾನೆ ಮೂರೇ ವರ್ಷದಲ್ಲಿ ಮುಚ್ಚಿತು. ಏಳು ತಿಂಗಳು ಎವ್ಲಿನ್ ವೃದ್ಧಾಶ್ರಮವೊಂದರಲ್ಲಿ ಎರಡೆರಡು ಪಾಳಿ ದುಡಿದು ಸಂಸಾರ ತೂಗಿಸಿದರು. ಆಗ ಕಂಡದ್ದು ಲೆನ್ ಎಂಬ ಹಿರಿಯ ಬಂದೂಕು ರಿಪೇರಿಗಾರ ಕೊಟ್ಟಿದ್ದ ನಾಲ್ಕು ಸಾಲಿನ ಜಾಹೀರಾತು. ಪೊಲೀಸ್ ತಪಾಸಣೆ, ಪರವಾನಗಿ ಎಲ್ಲ ಮುಗಿದು ಕೆಲಸಕ್ಕೆ ನಿಂತವರು ಇಲ್ಲೇ ನಿಂತಿದ್ದಾರೆ.

ಲೆನ್‌ಗೆ ಈಗ ಎಪ್ಪತ್ತೆಂಟು. ಕಣ್ಣು ಮಂಜಾಗಿ ಮುಂದಿನ ಕೌಂಟರಿನಲ್ಲಿ ಕೂರುತ್ತಾರೆ. ಹಿಂದಿನ ಕೋಣೆಯ ಕೆಲಸವೆಲ್ಲ ಕಾನ್ರಾಡ್ ಅವರದು. ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ತಾಸು ನಿಂತೇ ಕೆಲಸ. ಈವರೆಗೆ ಆರುನೂರಕ್ಕೂ ಹೆಚ್ಚು ನಳಿಗೆ ಕೂರಿಸಿದ್ದಾರೆ. ಎಡಗಿವಿ ಅರ್ಧ ಮಂದ, ಬೆರಳ ತುದಿಗಳಲ್ಲಿ ಉಕ್ಕಿನ ಸಿಬಿರು ಹೊಕ್ಕ ಕಪ್ಪು ಚುಕ್ಕೆಗಳು. ಜುಲೈ ಚಳಿಯಲ್ಲಿ ತಗಡಿನ ಶೆಡ್ಡು ಐಸ್ ಪೆಟ್ಟಿಗೆ. ಹೀಟರ್ ಹಾಕಿದರೆ ಲೋಹ ಹಿಗ್ಗಿ ಅಳತೆ ಕೆಡುತ್ತದೆಂದು ಎರಡು ಸ್ವೆಟರ್ ಹಾಕಿಕೊಂಡು ನಡುಗುತ್ತಾರೆ. ಮೊಂಡುತನಕ್ಕೂ ಒಂದು ಮಿತಿ ಬೇಡವೇ ಎಂದು ಎವ್ಲಿನ್ ಬಯ್ಯುತ್ತಾರಂತೆ, ಸರಿಯಾಗಿಯೇ ಬಯ್ಯುತ್ತಾರೆ.

ಇಷ್ಟೆಲ್ಲ ಸಿದ್ಧವಾದ ನಳಿಗೆಗೆ ಕಾಡತೂಸು ಕೂರುವ ಗೂಡನ್ನು ಕೊರೆಯುವುದು ಕೊನೆಯ ಕೆಲಸ. ಆದರೆ ಇವತ್ತು ಕಾನ್ರಾಡ್ ಅದನ್ನು ಕೊರೆಯುವುದಿಲ್ಲ. ರೈಫಲಿನ ಮಾಲೀಕರನ್ನು ಕೂರಿಸಿ ನಾಲ್ಕು ಪ್ರಶ್ನೆ ಕೇಳದೆ, ಅವರು ಉತ್ತರ ಕೊಟ್ಟ ಮೇಲೂ ಮೂರು ದಿನ ಕಾಯದೆ ಇವರು ಗೂಡಿಗೆ ಕೈ ಹಾಕುವವರಲ್ಲ. ಯಾವ ಪ್ರಾಣಿ? ಎಷ್ಟು ದೂರ? ನಿಮ್ಮೂರ ಅಂಗಡಿಯಲ್ಲಿ ಯಾವ ಕಾಡತೂಸು ಸುಲಭವಾಗಿ ಸಿಗುತ್ತದೆ? ನಿಮ್ಮ ಭುಜ ಹೇಗಿದೆ?

ಈ ಪದ್ಧತಿ ಬಂದದ್ದು ಒಂದು ತಪ್ಪಿನಿಂದ. ಸೇರಿದ ಮೂರನೆಯ ವರ್ಷ ಟ್ರಕ್ ಓಡಿಸುವ ಒಬ್ಬಾತ ಬಂದು, ಆಗ ಎಲ್ಲರ ಬಾಯಲ್ಲೂ ಇದ್ದ ‘ಸಿಕ್ಸ್ ಪಾಯಿಂಟ್ ಫೈವ್’ ಎಂಬ ಸಣ್ಣ ಗುಂಡಿನ ಕಾಡತೂಸಿಗೆ ನಳಿಗೆ ಬೇಕೆಂದ. ಯಾವ ಬೇಟೆಗೆ ಎಂದು ಇವರು ಕೇಳಲೇ ಇಲ್ಲ. “ದೊಡ್ಡವ್ರು ಹೇಳಿದ ಮೇಲೆ ತಿರುಗಿ ಕೇಳ್ಬಾರ್ದು ಅಂತ ನಮ್ಮನ್ನು ಬೆಳೆಸಿದ್ದಲ್ವಾ? ಕೇಳಿದ್ರೆ ಎಂತ ಗ್ರಹಿಸ್ತಾರೋ ಅಂತ ತಲೆ ಆಡಿಸಿ ಕೊರೆದು ಬಿಟ್ಟೆ,” ಎನ್ನುತ್ತಾರೆ. ಆತ ಹೋಗುತ್ತಿದ್ದದ್ದು ಕಡವೆ ಬೇಟೆಗೆ. ನಮ್ಮ ಬಂಡೀಪುರದಲ್ಲಿರುವ ಅದೇ ಕಡವೆ. ಇಂಗ್ಲಿಷರು ನೂರೈವತ್ತು ವರ್ಷದ ಹಿಂದೆ ಹಡಗಿನಲ್ಲಿ ತಂದು ಬಿಟ್ಟಿದ್ದು, ಈಗ ವಿಕ್ಟೋರಿಯಾದ ಬೆಟ್ಟಗಳಲ್ಲೆಲ್ಲ ತುಂಬಿಕೊಂಡಿದೆ. ಅಷ್ಟು ದೊಡ್ಡ ಪ್ರಾಣಿ ನರಳಬಾರದೆಂದು ಇಲ್ಲಿನ ಕಾನೂನು ಅಷ್ಟು ಸಣ್ಣ ಗುಂಡನ್ನು ಅದರ ಬೇಟೆಗೆ ಒಪ್ಪುವುದಿಲ್ಲ. ಆತ ತಿಂಗಳೊಳಗೆ ವಾಪಸು ಬಂದ. ಕೊರೆದ ಗೂಡನ್ನು ಮುಚ್ಚಲಾಗದು. ಆ ನಳಿಗೆ ಈಗಲೂ ಶೆಡ್ಡಿನ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ.

ಎಂಟು ಗಂಟೆಗೆ ಗ್ವೆನ್ ಬರುತ್ತಾರೆ. ಲೇತ್ ಮೇಲಿರುವ ನಳಿಗೆ ಇವರ ರೈಫಲಿನದು. ಅರವತ್ತಾರು ವರ್ಷ, ಯಾರಾ ಜಂಕ್ಷನ್ ಕಡೆಯ ಗುಡ್ಡದಲ್ಲಿ ಚೆರಿ ಬೆಳೆಯುವವರು. ಕಡವೆಗಳು ಬೇಲಿ ಹಾರಿ ಬಂದು, ಕೊಂಬು ಉಜ್ಜಿ ಎಳೆಯ ಗಿಡಗಳ ತೊಗಟೆ ಸುಲಿದುಹಾಕುತ್ತಿವೆ. ಮೂವತ್ತು ವರ್ಷ ಅವುಗಳನ್ನು ತಡೆದದ್ದು ಗ್ವೆನ್ ಅವರ ಕೈಯ ಈ ರೈಫಲ್. ಕಳೆದ ವರ್ಷ ಅವರ ಬಲಭುಜದ ಕೀಲು ಬದಲಿಸಿದ್ದಾರೆ. ಒಮ್ಮೆ ಹಾರಿಸಿ ನೋಡಿ, ಗುಂಡು ಹಾರುವಾಗ ರೈಫಲ್ ಭುಜಕ್ಕೆ ಕೊಡುವ ಒದೆಗೆ ಹೆದರಿ ಕೆಳಗಿಟ್ಟರಂತೆ. ಅವರಾಡಿದ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಬಾಡಿಗೆ ಬೇಟೆಗಾರರನ್ನು ಕರೆಸು ಅಂತ ತಮ್ಮನ ಮಗ ಹಟ ಹಿಡಿದಿದ್ದಾನೆ. ಮುಂದಿನ ತಿಂಗಳಿಗೆ ಬುಕ್ ಕೂಡ ಮಾಡಿದ್ದಾನೆ,” ಎನ್ನುತ್ತಾರೆ ಗ್ವೆನ್. “ನನ್ನ ಬೇಲಿಯೊಳಗೆ ಗೊತ್ತಿಲ್ಲದವರು ಕೋವಿ ಹಿಡಿದು ಓಡಾಡೋದು ನಂಗೆ ಬೇಡ. ಆದ್ರೆ ಈ ಸಲವೂ ನನ್ನ ಕೈಲಾಗ್ಲಿಲ್ಲ ಅಂದ್ರೆ ಅವನ ಮಾತು ಕೇಳ್ತೀನಿ. ರೈಫಲ್ ಮಾರಿಬಿಡ್ತೀನಿ.”

ಕಾನ್ರಾಡ್ ಮೂರು ಕಾಡತೂಸುಗಳನ್ನು ಮೇಜಿನ ಮೇಲೆ ನಿಲ್ಲಿಸುತ್ತಾರೆ. ಮೊದಲನೆಯದು ‘ತ್ರೀ ನಾಟ್ ಎಯ್ಟ್’, ರೈಫಲಿನ ಈಗಿನ ಅಳತೆ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಗ್ವೆನ್ ಹೆದರಿದ್ದು ಇದರ ಒದೆಗೇ. ಎರಡನೆಯದು ಸಿಕ್ಸ್ ಪಾಯಿಂಟ್ ಫೈವ್. ಒದೆ ಮೃದು, ಆದರೆ ಕಡವೆಗೆ ನಿಷಿದ್ಧ. ಮೂರನೆಯದು ‘ಸೆವೆನ್ ನಾಟ್ ಎಯ್ಟ್’, ಮೊದಲನೆಯದರ ತಮ್ಮನ ಹಾಗೆ. ಅದೇ ಮೈ, ಕತ್ತು ತುಸು ಸಣ್ಣ. ಒದೆ ಕಡಿಮೆ, ಕಾನೂನಿಗೂ ಸರಿ, ರೈಫಲಿನ ಬೇರೆ ಯಾವ ಭಾಗವನ್ನೂ ಬದಲಿಸಬೇಕಿಲ್ಲ. ಗ್ವೆನ್ ಊರಿನ ಅಂಗಡಿಗೆ ಕಾನ್ರಾಡ್ ಮೊದಲೇ ಫೋನ್ ಮಾಡಿ, ಅಲ್ಲಿ ಸಿಗುತ್ತದೆಂದು ಕೇಳಿಟ್ಟುಕೊಂಡಿದ್ದಾರೆ.

ಗ್ವೆನ್ ಮೂರನೆಯದನ್ನು ಕೈಗೆತ್ತಿಕೊಂಡು ತಲೆದೂಗುತ್ತಾರೆ. ಆಗ ಕಾನ್ರಾಡ್ ತಮ್ಮ ಕಟ್ಟಳೆ ಹೇಳುತ್ತಾರೆ. ಹೊಸ ನಳಿಗೆಯ ರೈಫಲ್ ಮನೆಗೆ ಹೋಗುವ ಮೊದಲು ಹಳೆಯ ಕಾಡತೂಸುಗಳೆಲ್ಲ ಮನೆಯಿಂದ ಹೊರಬೀಳಬೇಕು. ಅಣ್ಣ ತಮ್ಮ ಒಂದೇ ಥರ ಕಾಣುವಾಗ ಗಡಿಬಿಡಿಯಲ್ಲಿ ಕೈ ತಪ್ಪುತ್ತದೆ, ತಪ್ಪಿದ್ದನ್ನು ಒತ್ತಾಯದಿಂದ ತುರುಕಿದರೆ ಅನಾಹುತ. ಗ್ವೆನ್ ಮುಖ ಕೆಂಪಾಗುತ್ತದೆ. ಮನೆಯಲ್ಲಿರುವ ಹನ್ನೊಂದು ಡಬ್ಬಿ ಕಾಡತೂಸನ್ನು ಮೂರು ವರ್ಷದ ಹಿಂದೆ ತೀರಿಕೊಂಡ ಗಂಡ ರಾಸ್ ತಮ್ಮ ಕೈಯಾರೆ ಮದ್ದು, ಗುಂಡು ತುಂಬಿಸಿ ಮಾಡಿದ್ದರು. ಪ್ರತಿ ಡಬ್ಬಿಯ ಮೇಲೂ ಅವರ ಅಕ್ಷರ, ತಾರೀಖು. ಆ ಮನೆಯಲ್ಲಿ ತುಂಬಿಸುವವರು ಅವರು, ಹಾರಿಸುವವರು ಇವರು.

“ನಾನೇನು ಚಿಕ್ಕ ಮಗುವಾ, ಯಾವುದು ಯಾವುದು ಅಂತ ಗೊತ್ತಾಗಲ್ವಾ?” ಎನ್ನುತ್ತಾರೆ ಗ್ವೆನ್.

“ನಿಮಗೆ ಗೊತ್ತಾಗ್ತದೆ. ನಿಮ್ಮ ನಂತರ ಆ ಬೀರು ತೆಗೆಯುವವ್ರಿಗೆ ಗೊತ್ತಾಗ್ಬೇಕಲ್ಲ,” ಎನ್ನುತ್ತಾರೆ ಕಾನ್ರಾಡ್. ಗ್ವೆನ್ ಎದ್ದು ಹೋಗುತ್ತಾರೆ. ಕಾರಿನ ಬಾಗಿಲು ಬಡಿದ ಸದ್ದು ಶೆಡ್ಡಿನೊಳಗೂ ಕೇಳುತ್ತದೆ.

ನನಗೆ ಸಿಟ್ಟು ಬರುತ್ತದೆ. ಸತ್ತ ಗಂಡನ ಕೈಬರಹವನ್ನು ಕಸಿಯುವ ಕಟ್ಟಳೆ ಎಂಥ ಕಟ್ಟಳೆ? ಹಾಗೆಂದು ಅವರಿಗೇ ಹೇಳುತ್ತೇನೆ. ಅವರು ಲೇತ್ ಒರೆಸುತ್ತಲೇ ಕೇಳಿಸಿಕೊಳ್ಳುತ್ತಾರೆ. “ನಂಗೂ ಬೇಜಾರುಂಟು ಮೇಡಂ. ಅವ್ರು ಬಾರದಿದ್ರೆ ಬಾಡಿಗೆಯವ್ರು ಬರ್ತಾರೆ, ಅದೂ ಗೊತ್ತುಂಟು. ಆದ್ರೆ ಗಿರಾಕಿಗೆ ಬೇಜಾರಾಗ್ತದೆ ಅಂತ ಒಮ್ಮೆ ತಲೆ ಆಡಿಸಿ ಆಗಿದೆ ನಂದು, ಆ ಟ್ರಕ್ಕಿನವನ ಹತ್ರ.”

ಮೂರನೆಯ ದಿನ ಮಧ್ಯಾಹ್ನದವರೆಗೂ ಯಾರ ಸುಳಿವಿಲ್ಲ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಗ್ವೆನ್ ಚೆರಿ ತುಂಬುವ ಮರದ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲೆ ದೊಪ್ಪೆಂದು ಇಡುತ್ತಾರೆ. ಹನ್ನೊಂದು ಡಬ್ಬಿ. ಕಾನ್ರಾಡ್ ಕೈ ತೊಳೆದುಕೊಂಡು ಬಂದು, ಒಂದೊಂದೇ ಡಬ್ಬಿ ತೆರೆದು, ಕಾಡತೂಸುಗಳನ್ನು ತಟ್ಟೆಗೆ ಎತ್ತಿಡುತ್ತಾರೆ. ಅವು ಲೆನ್ ಅವರ ಬೀಗದ ಪೆಟ್ಟಿಗೆ ಸೇರುತ್ತವೆ. ಖಾಲಿ ಡಬ್ಬಿಗಳನ್ನು ರಾಸ್ ಬರೆದ ಅಕ್ಷರ ಕಾಣುವಂತೆ ಮತ್ತೆ ಪೆಟ್ಟಿಗೆಯಲ್ಲಿ ಜೋಡಿಸಿ ಗ್ವೆನ್ ಮುಂದೆ ತಳ್ಳುತ್ತಾರೆ. ಗ್ವೆನ್ ಒಂದರ ಮೇಲೆ ಬೆರಳಾಡಿಸಿ, “ಹೊಸದನ್ನು ಇದರಲ್ಲೇ ಇಡ್ತೀನಿ,” ಎನ್ನುತ್ತಾರೆ. “ಬೇಡ. ಹೊರಗೆ ಬರೆದದ್ದೊಂದು, ಒಳಗೆ ಇನ್ನೊಂದು ಆಗ್ತದೆ,” ಎನ್ನುತ್ತಾರೆ ಕಾನ್ರಾಡ್. ಗ್ವೆನ್ ಅವರನ್ನೇ ದಿಟ್ಟಿಸಿ, “ನಿನ್ನ ಹೆಂಡತಿ ನಿನ್ನ ಜೊತೆ ಹೇಗೆ ಬಾಳ್ತಾಳಪ್ಪಾ?” ಎಂದು ನಗುತ್ತಾರೆ. ಕಣ್ಣು ಮಾತ್ರ ಒದ್ದೆ. ಆ ಸಂಜೆ ನಳಿಗೆಯ ಗೂಡು ಕೊರೆಯುವ ಕೆಲಸ ಶುರುವಾಗುತ್ತದೆ.

ಎರಡು ವಾರದ ನಂತರ ಲಿಟಲ್ ರಿವರ್ ಕಡೆಯ ಶೂಟಿಂಗ್ ರೇಂಜಿಗೆ ನಾನೂ ಕಿವಿಗೆ ಮುಚ್ಚಳ ಹಾಕಿಕೊಂಡು ಹೋಗುತ್ತೇನೆ. ಗ್ವೆನ್ ಬೆಂಚಿನ ಮುಂದೆ ಕೂತು ರೈಫಲನ್ನು ಹೊಸ ಕೀಲಿನ ಭುಜಕ್ಕೆ ಒರಗಿಸಿಕೊಳ್ಳುತ್ತಾರೆ. ಉಳಿದವರೆಲ್ಲ ನೂರು ಮೀಟರ್ ಆಚೆಯ ಗುರಿಹಲಗೆ ನೋಡುತ್ತಿದ್ದರೆ ಕಾನ್ರಾಡ್ ಮಾತ್ರ ಬದಿಗೆ ನಿಂತು ಗ್ವೆನ್ ಅವರ ಭುಜವನ್ನೇ ನೋಡುತ್ತಾರೆ. ಮೊದಲ ಗುಂಡು ಹಾರುವ ಮೊದಲೇ ಗ್ವೆನ್ ಕಣ್ಣು ಬಿಗಿಯಾಗಿ ಮುಚ್ಚುತ್ತಾರೆ, ಭುಜ ಹಿಂದಕ್ಕೆ ಸೆಟೆಯುತ್ತದೆ. ಎರಡನೆಯದಕ್ಕೆ ಸೆಟೆತ ಕಡಿಮೆ. ಮೂರನೆಯದಕ್ಕೆ ಕಣ್ಣು ತೆರೆದೇ ಇದೆ.

ಮೂರು ಸಾಕೆಂದು ಮೊದಲೇ ಮಾತಾಗಿತ್ತು. ಆದರೆ ಗ್ವೆನ್ ಅವರ ಕೈ ಯಾರನ್ನೂ ಕೇಳದೆ ನಾಲ್ಕನೆಯದಕ್ಕೆ ಚಾಚುತ್ತದೆ. ಅದನ್ನೂ ಹಾರಿಸಿ, ರೈಫಲ್ ಖಾಲಿ ಮಾಡಿ ಬದಿಗಿಟ್ಟು, ಕಿವಿಯ ಮುಚ್ಚಳ ತೆಗೆದು ಫೋನ್ ಹಚ್ಚುತ್ತಾರೆ. ಆ ಕಡೆ ತಮ್ಮನ ಮಗ. “ಸೋಮವಾರ ಬರೋವ್ರಿಗೆ ಬರಬೇಡಿ ಅಂತ ಹೇಳು,” ಎನ್ನುತ್ತಾರೆ. ಫೋನ್ ಇಡುತ್ತಾರೆ.

ವಾಪಸು ಬರುವಾಗ ಕಾರಿನಲ್ಲಿ ನಾನು ಈ ಬರಹಕ್ಕೆಂದು ಕಾನ್ರಾಡ್ ಅವರ ಫೋಟೊ ಕೇಳುತ್ತೇನೆ. “ಫೋಟೊ ಎಲ್ಲ ಬೇಡ ಮೇಡಂ,” ಎಂದು ಕೈಯಾಡಿಸುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಬಾಯಿ ಬಿಡುತ್ತಾರೆ.

“ಅವ್ರು ನಾಲ್ಕನೆಯದು ತಾವೇ ತೆಗೊಂಡ್ರು, ನೋಡಿದ್ರಲ್ಲ? ಅದೊಂದು ಬರೀರಿ.”